ಬಾಂಬಿನ ಬೆಳಕು ನೋಡಿದ್ದಾಯಿತು, ಇನ್ನು ಬೂದಿ ಬಿದ್ದ ಊರುಗಳನ್ನೂ ತೋರಿಸಿ

ಕರ್ನಾಟಕದ ಚಿತ್ರೋತ್ಸವಗಳ ಆಯ್ಕೆ ಸಮಿತಿಯವರಿಗೆ, ಫಿಲ್ಮ್ ಸೊಸೈಟಿಗಳ ಪದಾಧಿಕಾರಿಗಳಿಗೆ, ಕಾಲೇಜುಗಳಲ್ಲಿ ಸಿನಿಮಾ ಕ್ಲಬ್ ನಡೆಸುತ್ತಿರುವ ಅಧ್ಯಾಪಕ ಮಿತ್ರರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಯಾವುದೋ ಒಂದು ಸಿನಿಮಾ ನಿಲ್ಲಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಅಂಥ ಪತ್ರಗಳು ನಿಮಗೆ ಬೇಕಾದಷ್ಟು ಬರುತ್ತವೆ ಅಂತ ಗೊತ್ತು. ನನ್ನ ಮನವಿ ಅದಕ್ಕೆ ತದ್ವಿರುದ್ಧ. ಅಣುಬಾಂಬ್ ಪರೀಕ್ಷೆಗಳ ಬಗ್ಗೆ ಜಗತ್ತಿನಲ್ಲಿ ಬಂದಿರುವ ಎಷ್ಟೋ ಒಳ್ಳೆಯ ಚಿತ್ರಗಳು ನಮ್ಮ ಊರುಗಳ ಪರದೆಗೆ ಬರುತ್ತಲೇ ಇಲ್ಲ, ಅವನ್ನು ತರಿಸಿ, ಕನ್ನಡದಲ್ಲಿ ಅಡಿಬರಹ ಹಾಕಿ ತೋರಿಸಿ ಅಂತ ಕೇಳುತ್ತಿದ್ದೇನೆ. ನಾನು ತುಮಕೂರು ಕಡೆಯವನು, ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಸರಪಳಿ ಕ್ರಿಯೆ, ಅರ್ಧಾಯು ಎಲ್ಲವನ್ನೂ ಹಲಗೆಯ ಮೇಲೆ ಬರೆದು ಅಳಿಸಿದ್ದೇನೆ. ಸಿನಿಮಾದ ಹುಚ್ಚು ಅದಕ್ಕೂ ಮೊದಲಿನದು.

ಕಣ್ಣಾರೆ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಮೇ 11 ರಾಷ್ಟ್ರೀಯ ತಂತ್ರಜ್ಞಾನ ದಿನ. 1998ರಲ್ಲಿ ಅದೇ ದಿನ ಪೋಖ್ರಾನ್‌ನಲ್ಲಿ ಮೂರು ಬಾಂಬ್ ಸಿಡಿಸಿದ ನೆನಪಿಗೆ ಆಚರಿಸುವ ದಿನ ಅದು. ನಮ್ಮ ಭಾಗದ ಒಂದು ಎಂಜಿನಿಯರಿಂಗ್ ಕಾಲೇಜು ಆ ದಿನಕ್ಕೆ ಸಿನಿಮಾ ಪ್ರದರ್ಶನ ಇಟ್ಟುಕೊಂಡು ನನ್ನನ್ನೂ ಕರೆದಿತ್ತು. ಮೊದಲಿಗೆ ಅಮೆರಿಕದ ಹಳೆಯ ಪರೀಕ್ಷೆಗಳ ತುಣುಕುಗಳನ್ನು ಜೋಡಿಸಿ, ಅದರ ಮೇಲೆ ಅಬ್ಬರದ ಸಂಗೀತ ಹಾಕಿದ ಒಂದು ವಿಡಿಯೊ. ಆಮೇಲೆ 2018ರ ಹಿಂದಿ ಸಿನಿಮಾ ‘ಪರಮಾಣು’. ಮರಳಿನ ಕೆಳಗೆ ಬಾಂಬ್ ಸಿಡಿದು ನೆಲ ಉಬ್ಬಿದಾಗ ಸಭಾಂಗಣವೇ ಎದ್ದು ನಿಂತಿತು. ಶಿಳ್ಳೆ, ಚಪ್ಪಾಳೆ. ಹುಡುಗರು ಚಪ್ಪಾಳೆ ಹೊಡೆದರೆ ತಪ್ಪೇನು, ಸಿನಿಮಾ ಮಾಡಿದ್ದೇ ಅದಕ್ಕೆ. ಸಂವಾದದಲ್ಲಿ ನಾನು ಪೋಖ್ರಾನ್ ಪರೀಕ್ಷೆಯ ಜಾಗದ ಪಕ್ಕದ ಖೇತೋಲಾಯಿ ಎಂಬ ಹಳ್ಳಿಯ ಬಗ್ಗೆ ಒಂದು ಪ್ರಶ್ನೆ ಎತ್ತಿದೆ. ನಿರೂಪಣೆ ಮಾಡುತ್ತಿದ್ದವರು ನಗುತ್ತಲೇ, ‘ಸರ್, ಇವತ್ತು ಸಂಭ್ರಮದ ದಿನ, ಅದನ್ನ ಇನ್ನೊಂದ್ಸಲ ಇಟ್ಕೊಳ್ಳೋಣ’ ಅಂದರು. ಮೈಕು ಹಿಂದಿನ ಸಾಲಿಗೆ ಹೋಯಿತು. ಆ ಇನ್ನೊಂದು ಸಲ ಇನ್ನೂ ಬಂದಿಲ್ಲ. ಆ ಕಾಲೇಜನ್ನು ದೂರಿ ಪ್ರಯೋಜನವಿಲ್ಲ. ತೋರಿಸಲು ಅವರ ಕೈಯಲ್ಲಿ ಬೇರೆ ಯಾವ ಚಿತ್ರ ಇತ್ತು? ಕೈಗೆ ಸಿಗುವಂತೆ ಇಡಬೇಕಾದವರು ನೀವು.

2023ರ ಜುಲೈನಲ್ಲಿ, ಅಣುಬಾಂಬ್ ತಯಾರಿಸಿದ ವಿಜ್ಞಾನಿಯ ಕಥೆ ಹೇಳುವ ‘ಓಪನ್‌ಹೈಮರ್’ ಬಂದಾಗಲೂ ಹೀಗೇ ಆಯಿತು. ನಮ್ಮ ದೇಶದಲ್ಲಿ ವಾರಗಟ್ಟಲೆ ಚರ್ಚೆಯಾದದ್ದು ಏನು? ಒಂದು ಶೃಂಗಾರದ ದೃಶ್ಯದಲ್ಲಿ ಭಗವದ್ಗೀತೆ ಓದಿಸಿದ್ದು ಸರಿಯೋ ತಪ್ಪೋ ಅನ್ನುವುದು. ಟಿವಿಯವರಿಗೆ ಅಷ್ಟು ಸಾಕಾಗಿತ್ತು. ಆ ಚಿತ್ರ ಏಳು ಆಸ್ಕರ್ ಗೆದ್ದಿತು, ಗೆಲ್ಲಬೇಕಾದ್ದೇ. ಜಗತ್ತಿನ ಮೊದಲ ಅಣುಬಾಂಬ್ ಪರೀಕ್ಷೆಯಾದ ಟ್ರಿನಿಟಿಯ ದೃಶ್ಯವನ್ನು ನೆನಪಿಸಿಕೊಳ್ಳಿ. ಬೆಂಕಿಯ ಉಂಡೆ ಮೇಲೇಳುತ್ತದೆ, ಸದ್ದಿಲ್ಲ, ಬರೀ ಉಸಿರಾಟ ಕೇಳುತ್ತದೆ, ಬಹಳ ಹೊತ್ತಿನ ಮೇಲೆ ಸದ್ದು ಬಂದು ಎದೆಗೆ ಗುದ್ದುತ್ತದೆ. ಬೆಳಕು ಮೊದಲು, ಸದ್ದು ಆಮೇಲೆ, ವಿಜ್ಞಾನ ಸರಿಯಾಗಿಯೇ ಇದೆ. ಆದರೆ ಸದ್ದಿನ ನಂತರ ಬಂದದ್ದು ಬೂದಿ. ಅದು ಮೂರು ಗಂಟೆಯ ಆ ಚಿತ್ರದಲ್ಲಿ ಎಲ್ಲೂ ಬೀಳುವುದಿಲ್ಲ.

1945ರ ಜುಲೈ 16, ಬೆಳಗಿನ ಜಾವ 5 ಗಂಟೆ 29 ನಿಮಿಷ. ನ್ಯೂ ಮೆಕ್ಸಿಕೊದ ಆ ಮರುಭೂಮಿ ಖಾಲಿ ಜಾಗವಾಗಿತ್ತು ಅಂತ ನಾವೆಲ್ಲ ಓದಿಕೊಂಡಿದ್ದೇವೆ. ಆದರೆ 20 ಕಿಲೋಮೀಟರ್ ಆಸುಪಾಸಿನಲ್ಲೇ ದನ ಸಾಕುವವರ ಮನೆಗಳಿದ್ದವು. ಟುಲರೋಸಾ, ಕ್ಯಾರಿಜೋಜೊದಂಥ ಊರುಗಳಿದ್ದವು. ಸೂರಿನ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಗೆ ಇಳಿಸಿಕೊಂಡು ಕುಡಿಯುವ ಜನ ಅವರು, ಮನೆಯ ಹಸುವಿನ ಹಾಲು, ಹಿತ್ತಲ ತರಕಾರಿ. ಬಾಂಬಿನಲ್ಲಿದ್ದ ಸುಮಾರು 6 ಕಿಲೋ ಪ್ಲುಟೋನಿಯಂನಲ್ಲಿ ಒಡೆದದ್ದು ಹೆಚ್ಚೆಂದರೆ ಒಂದು ಕಿಲೋ. ಉಳಿದದ್ದೆಲ್ಲ ಧೂಳಿನ ಜೊತೆ ಮೇಲೆ ಹೋಗಿ ಅವರ ಸೂರು, ತೊಟ್ಟಿ, ಹುಲ್ಲಿನ ಮೇಲೆ ಇಳಿಯಿತು. ಯಾರಿಗೂ ಮೊದಲು ತಿಳಿಸಲಿಲ್ಲ, ಆಮೇಲೂ ತಿಳಿಸಲಿಲ್ಲ. ಎಲ್ಲೋ ದೂರದ ಮದ್ದಿನ ಮನೆಯೊಂದು ಸಿಡಿಯಿತು ಅಂತ ಸೇನೆ ಪತ್ರಿಕೆಗಳಿಗೆ ಸುದ್ದಿ ಕೊಟ್ಟಿತು. ಅಮೆರಿಕ ಮುಂದೆ ನೆವಾಡಾದಲ್ಲಿ ನಡೆಸಿದ ಪರೀಕ್ಷೆಗಳ ಗಾಳಿ ಬೀಸಿದ ಕಡೆಯ ಕೆಲವು ಜಿಲ್ಲೆಗಳಿಗೆ 1990ರಲ್ಲಿ ಪರಿಹಾರದ ಕಾನೂನು ಬಂದಾಗ ಟ್ರಿನಿಟಿಯ ಜನರನ್ನು ಕೈಬಿಟ್ಟರು. ಅವರ ಹೆಸರು ಕಾನೂನಿಗೆ ಸೇರಿದ್ದು 2025ರ ಜುಲೈನಲ್ಲಿ. ಅಂದರೆ 80 ವರ್ಷಕ್ಕೆ. ಆ ಹೊತ್ತಿಗೆ ಅಂದು ಬೂದಿ ಕಂಡ ಎಷ್ಟು ಜನ ಬದುಕಿದ್ದಾರು, ನೀವೇ ಲೆಕ್ಕ ಹಾಕಿ. ಅವರ ಕಥೆಯ ಮೇಲೆ ಲೋಯಿಸ್ ಲಿಪ್‌ಮನ್ ‘ಫಸ್ಟ್ ವಿ ಬಾಂಬ್ಡ್ ನ್ಯೂ ಮೆಕ್ಸಿಕೊ’ ಎಂಬ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅದೂ 2023ರದ್ದೇ. ಒಂದೇ ವರ್ಷ, ಒಂದೇ ಮರುಭೂಮಿ, ಎರಡು ಚಿತ್ರ. ನಮ್ಮಲ್ಲಿ ಎಷ್ಟು ಜನ ಎರಡನೆಯದರ ಹೆಸರು ಕೇಳಿದ್ದಾರೆ?

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಿನಿಮಾದವರಾದ ನಿಮಗೆ ಇದು ಬೇರೆ ಯಾರಿಗಿಂತಲೂ ಹೆಚ್ಚು ತಟ್ಟಬೇಕು. ಟ್ರಿನಿಟಿಯ ಧೂಳು ಎಷ್ಟು ದೂರ ಹೋಯಿತು ಅನ್ನುವುದು ಗುಟ್ಟಾಗಿತ್ತಷ್ಟೆ? ಅದನ್ನು ಕಂಡುಹಿಡಿದವರಲ್ಲಿ ಒಬ್ಬರು ಫಿಲ್ಮ್ ತಯಾರಿಸುವ ಕೊಡಾಕ್ ಕಂಪನಿಯ ಭೌತವಿಜ್ಞಾನಿ. ಜೂಲಿಯನ್ ವೆಬ್ ಅಂತ ಅವರ ಹೆಸರು. 1945ರ ಕೊನೆಯ ಹೊತ್ತಿಗೆ ಕಂಪನಿಯ ಎಕ್ಸ್‌ರೇ ಫಿಲ್ಮುಗಳ ಮೇಲೆ, ಇನ್ನೂ ಬಳಸದ ಹೊಸ ಫಿಲ್ಮುಗಳ ಮೇಲೆ, ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ವೆಬ್ ಹುಡುಕುತ್ತಾ ಹೋದರು. ದೋಷ ಫಿಲ್ಮಿನಲ್ಲಿರಲಿಲ್ಲ, ಫಿಲ್ಮುಗಳ ನಡುವೆ ಇಡುವ ರಟ್ಟಿನಲ್ಲಿತ್ತು. ಆ ರಟ್ಟು ಬಂದದ್ದು ಇಂಡಿಯಾನಾದ ವಿನ್ಸೆನ್ಸ್ ಎಂಬಲ್ಲಿನ ಗಿರಣಿಯಿಂದ. ಗಿರಣಿ ಹುಲ್ಲು ತೊಳೆಯಲು ಬಳಸುತ್ತಿದ್ದದ್ದು ವಬಾಷ್ ನದಿಯ ನೀರು. ನ್ಯೂ ಮೆಕ್ಸಿಕೊದಿಂದ ಸಾವಿರದ ಆರುನೂರು ಕಿಲೋಮೀಟರಿಗೂ ಆಚೆ ಇರುವ ಆ ನದಿಗೆ ಬಾಂಬಿನ ಧೂಳು ಮಳೆಯೊಡನೆ ಇಳಿದಿತ್ತು. ರಟ್ಟಿನಲ್ಲಿ ಸಿಕ್ಕಿದ ವಿಕಿರಣ ಯಾವ ಮೂಲಧಾತುವಿನದು, ಅದರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಹಿಡಿಯುವ ಸಮಯ, ಎಷ್ಟು ಅಂತ ಅಳೆದು, ಇದು ಅಣುಬಾಂಬಿನದೇ ಅಂತ ವೆಬ್ ತೀರ್ಮಾನಕ್ಕೆ ಬಂದರು. ತರಗತಿಯಲ್ಲಿ ಅರ್ಧಾಯು ಹೇಳಿಕೊಡುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1951ರ ಜನವರಿಯಲ್ಲಿ ನೆವಾಡಾದಲ್ಲಿ ಪರೀಕ್ಷೆಗಳು ಶುರುವಾದವು. ಕೆಲವೇ ದಿನಕ್ಕೆ ಕೊಡಾಕ್ ಇರುವ ರೋಚೆಸ್ಟರ್ ಊರಿನಲ್ಲಿ ಬಿದ್ದ ಹಿಮವನ್ನು ಅಳೆದರೆ ಗೈಗರ್ ಮಾಪಕ ಟಕಟಕ ಅನ್ನತೊಡಗಿತು. ಕಂಪನಿ ಅಣುಶಕ್ತಿ ಆಯೋಗಕ್ಕೆ ದೂರಿತು, ಮೊಕದ್ದಮೆ ಹೂಡುವ ಮಾತಾಡಿತು. ಆಯೋಗ ಒಂದು ಒಪ್ಪಂದಕ್ಕೆ ಬಂತು. ಇನ್ನು ಮುಂದೆ ಪರೀಕ್ಷೆ ಯಾವಾಗ, ಧೂಳು ಯಾವ ಕಡೆ ಹೋಗಬಹುದು ಅಂತ ಫಿಲ್ಮ್ ತಯಾರಿಸುವ ಕಂಪನಿಗಳಿಗೆ ಮುಂಚಿತವಾಗಿಯೇ ತಿಳಿಸುತ್ತೇವೆ ಅಂತ. ಅದೇ ಹೊತ್ತಿನಲ್ಲಿ ನೆವಾಡಾ ಪಕ್ಕದ ಯೂಟಾ ರಾಜ್ಯದ ಹಳ್ಳಿಗಳಲ್ಲಿ ತಾಯಂದಿರು ಮಕ್ಕಳಿಗೆ ಅದೇ ಧೂಳು ಬಿದ್ದ ಹುಲ್ಲು ಮೇಯ್ದ ಹಸುವಿನ ಹಾಲು ಕುಡಿಸುತ್ತಿದ್ದರು. ಅವರಿಗೆ ಹೇಳಿದ್ದು ಒಂದೇ ಮಾತು, ಅಪಾಯವಿಲ್ಲ. 1997ರಲ್ಲಿ ಅಮೆರಿಕದ ಸೆನೆಟ್ಟಿನ ವಿಚಾರಣೆಯಲ್ಲಿ ಈ ವಿಷಯ ಎದ್ದಾಗ ಸೆನೆಟರ್ ಟಾಮ್ ಹಾರ್ಕಿನ್ ಸಿಟ್ಟಾದದ್ದೂ ಇದಕ್ಕೇ. ಫಿಲ್ಮ್ ರೋಲನ್ನು ಕಾಪಾಡಿದಿರಿ, ಮಕ್ಕಳನ್ನು ಬಿಟ್ಟಿರಿ ಅನ್ನುವುದು ಅವರ ಆಕ್ಷೇಪದ ಸಾರ.

ಮಾನ್ಯರೇ, ಅಣುಬಾಂಬು ಮತ್ತು ಸಿನಿಮಾ ನಂಟು ಇಷ್ಟು ಹತ್ತಿರದ್ದು. ಟ್ರಿನಿಟಿಯಲ್ಲಿ ಬಾಂಬಿನ ಸುತ್ತ 50ಕ್ಕೂ ಹೆಚ್ಚು ಕ್ಯಾಮೆರಾಗಳಿದ್ದವು. ಮುಂದೆ 1947ರಲ್ಲಿ ಅಮೆರಿಕದ ವಾಯುಪಡೆ ಹಾಲಿವುಡ್ ಬೆಟ್ಟದಲ್ಲೇ ಒಂದು ಗುಪ್ತ ಸ್ಟುಡಿಯೊ ತೆರೆಯಿತು. ಲುಕ್‌ಔಟ್ ಮೌಂಟನ್ ಅಂತ ಅದರ ಹೆಸರು. ಹಾಲಿವುಡ್ಡಿನ ತಂತ್ರಜ್ಞರನ್ನೇ ಅಲ್ಲಿ ಕೆಲಸಕ್ಕಿಟ್ಟುಕೊಂಡು ಎರಡು ದಶಕ ಬಾಂಬಿನ ಚಿತ್ರಗಳನ್ನು ತಯಾರಿಸಿದರು. 1945ರಿಂದ 1962ರವರೆಗೆ ಅಮೆರಿಕ ಬಯಲಿನಲ್ಲಿ ನಡೆಸಿದ 210 ಪರೀಕ್ಷೆಗಳ ಸುಮಾರು 10,000 ಫಿಲ್ಮುಗಳಿವೆ. ಲಿವರ್‌ಮೋರ್ ಪ್ರಯೋಗಾಲಯ ಅವನ್ನು ಡಿಜಿಟಲ್ ಮಾಡಿ 2017ರಿಂದ ಯೂಟ್ಯೂಬಿಗೆ ಹಾಕುತ್ತಿದೆ. ನಾನು ಕಾಲೇಜಿನಲ್ಲಿ ನೋಡಿದಂಥ ವಿಡಿಯೊಗಳಿಗೆ ಸರಕು ಬೇಕಾದಷ್ಟು ಇದೆ ಅಂತಾಯಿತು. ವಿಜ್ಞಾನಿಗಳಿಗೆ ಬೆಂಕಿಯ ಉಂಡೆಯ ಅಗಲ ಅಳೆಯಲು ಆ ಚಿತ್ರಗಳು ಬೇಕಿದ್ದವು, ಸರಿ. ಸಂಗೀತ ಹಾಕಿ ತೋರಿಸುವ ನಮಗೆ ಅದರಿಂದ ಆಗಬೇಕಾದ್ದೇನು?

ಅದೇ ಸರ್ಕಾರಿ ಫಿಲ್ಮನ್ನು ತೆಗೆದುಕೊಂಡು, ಅದರ ಬಾಯಿಂದಲೇ ಅದರ ಸುಳ್ಳನ್ನು ಹೊರಡಿಸಿದ ಚಿತ್ರಗಳೂ ಇವೆ. 1982ರ ‘ದಿ ಅಟಾಮಿಕ್ ಕೆಫೆ’ಯಲ್ಲಿ ನಿರೂಪಕನೇ ಇಲ್ಲ. ಹಳೆಯ ಪ್ರಚಾರ ಚಿತ್ರ, ರೇಡಿಯೊ, ಹಾಡುಗಳನ್ನು ಒಂದರ ಪಕ್ಕ ಒಂದು ಇಟ್ಟಿದ್ದಾರೆ, ಅಷ್ಟೆ. ನಗು ಬರುತ್ತದೆ, ನಕ್ಕ ಮೇಲೆ ನಾಚಿಕೆ ಬರುತ್ತದೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ರಾಬರ್ಟ್ ಸ್ಟೋನ್ ಮಾಡಿದ ‘ರೇಡಿಯೊ ಬಿಕಿನಿ’. ಮಾರ್ಷಲ್ ದ್ವೀಪಗಳ ಬಿಕಿನಿಯಲ್ಲಿ 167 ಜನ ಇದ್ದರು. 1946ರ ಫೆಬ್ರವರಿಯ ಒಂದು ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ಅಮೆರಿಕದ ನೌಕಾಧಿಕಾರಿ ಬೆನ್ ವ್ಯಾಟ್ ಅವರ ಮುಂದೆ ನಿಂತು, ಮನುಕುಲದ ಒಳಿತಿಗಾಗಿ ನಿಮ್ಮ ದ್ವೀಪ ಬಿಟ್ಟುಕೊಡುತ್ತೀರಾ ಅಂತ ಕೇಳಿದ. ಅವರ ಮುಖಂಡ ಜೂಡಾ, ಎಲ್ಲವೂ ದೇವರ ಕೈಯಲ್ಲಿದೆ ಅಂದ. ತಿಂಗಳಾದ ಮೇಲೆ, ಊರು ಬಿಡುವ ಹಿಂದಿನ ದಿನ, ಅದೇ ಸಭೆಯನ್ನು ಕ್ಯಾಮೆರಾಗಾಗಿ ಮತ್ತೆ ಮಾಡಿಸಿದರು. ಜನ ಮರಳಿನ ಮೇಲೆ ಕೂರಬೇಕು, ವ್ಯಾಟ್ ಕೇಳಬೇಕು, ಜೂಡಾ ಎದ್ದು ಒಪ್ಪಬೇಕು. ಸರಿ ಬರಲಿಲ್ಲ, ಇನ್ನೊಮ್ಮೆ. ಮತ್ತೊಮ್ಮೆ. ಹೀಗೆ ತನ್ನ ಊರನ್ನು ಕಳೆದುಕೊಳ್ಳುವುದಕ್ಕೆ ಟೇಕ್ ಮೇಲೆ ಟೇಕ್ ಕೊಟ್ಟ ಜನ ಮರುದಿನ ಹಡಗು ಹತ್ತಿ ರೊಂಗೆರಿಕ್‌ಗೆ ಹೋದರು. ಅಲ್ಲಿ ಹಸಿವಿನಿಂದ ಸೊರಗಿದರು. ಎರಡು ವರ್ಷಕ್ಕೆ ಅಲ್ಲಿಂದಲೂ ಎಬ್ಬಿಸಬೇಕಾಯಿತು. 1970ರ ದಶಕದಲ್ಲಿ ಬಿಕಿನಿ ಈಗ ಸುರಕ್ಷಿತ ಅಂತ ಕೆಲವರನ್ನು ವಾಪಸು ಕಳಿಸಿ, 1978ರಲ್ಲಿ ಮತ್ತೆ ಖಾಲಿ ಮಾಡಿಸಿದರು.

ಆ ಚಿತ್ರದಲ್ಲಿ ಒಬ್ಬ ಮಾಜಿ ನಾವಿಕನೂ ಮಾತಾಡುತ್ತಾನೆ. ಬಿಕಿನಿಯಲ್ಲಿ ಬಾಂಬ್ ತಿಂದ ಹಡಗುಗಳ ನಡುವೆ ಕೆಲಸ ಮಾಡಿದವನು. ಚಿತ್ರದುದ್ದಕ್ಕೂ ನಮಗೆ ಅವನ ಮುಖ ಮಾತ್ರ ಕಾಣುತ್ತದೆ, ಸಾಧು ಮುಖ, ಯಾರ ಮೇಲೂ ಕೂಗಾಡದ ದನಿ. ಕೊನೆಕೊನೆಗೆ ಚೌಕಟ್ಟು ಅಗಲವಾಗುತ್ತದೆ. ಕಾಲುಗಳಿಲ್ಲ. ಎಡಗೈ ನಂಬಲಾಗದಷ್ಟು ಊದಿಕೊಂಡಿದೆ. ಸ್ಟೋನ್ ಅಷ್ಟು ಹೊತ್ತು ಅದನ್ನು ಯಾಕೆ ತಡೆದಿಟ್ಟ ಅಂತ ಸಿನಿಮಾ ಓದುವ ಮಕ್ಕಳೊಂದಿಗೆ ಒಂದು ಇಡೀ ಮಧ್ಯಾಹ್ನ ಮಾತಾಡಬಹುದು. ಮೊದಲೇ ತೋರಿಸಿದ್ದರೆ ನಾವು ಅವನ ಮಾತು ಕೇಳುತ್ತಿರಲಿಲ್ಲ, ಕೈ ನೋಡುತ್ತಾ ಕೂತಿರುತ್ತಿದ್ದೆವು ಅನ್ನುವುದು ನನ್ನ ಊಹೆ. ಕಲೆಯ ದೃಷ್ಟಿಯಿಂದ ನೋಡಿದರೂ ಈ ಚಿತ್ರಗಳು ಯಾವ ದೊಡ್ಡ ಬಜೆಟ್ಟಿನ ಚಿತ್ರಕ್ಕೂ ಕಡಿಮೆಯಿಲ್ಲ ಅಂತ ಹೇಳಲು ಇಷ್ಟು ಬರೆದೆ. ‘ರೇಡಿಯೊ ಬಿಕಿನಿ’ ಆಸ್ಕರ್ ನಾಮನಿರ್ದೇಶನವನ್ನೂ ಪಡೆದಿತ್ತು, ಪ್ರಶಸ್ತಿಯ ಮುದ್ರೆ ಇಲ್ಲದೆ ಚಿತ್ರ ತರಿಸುವಂತಿಲ್ಲ ಅನ್ನುವವರಿಗೆ.

1954ರ ಮಾರ್ಚ್ 1ರಂದು ಅದೇ ಬಿಕಿನಿಯಲ್ಲಿ ಸಿಡಿಸಿದ ‘ಬ್ರಾವೊ’ ಹೈಡ್ರೋಜನ್ ಬಾಂಬು 15 ಮೆಗಾಟನ್ ಆಯಿತು. ವಿಜ್ಞಾನಿಗಳು ಅಂದಾಜು ಮಾಡಿದ್ದರ ಎರಡೂವರೆ ಪಟ್ಟು, ಹಿರೋಶಿಮಾದ ಸುಮಾರು ಸಾವಿರ ಪಟ್ಟು. ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಪುಡಿ ಉದುರಿತು. ಮಕ್ಕಳು ಅದರಲ್ಲಿ ಆಡಿದರು. ಎರಡು ದಿನ ಕಳೆದ ಮೇಲೆ ಅವರನ್ನು ಅಲ್ಲಿಂದ ಎತ್ತಿದರು, 1957ರಲ್ಲಿ ಅದೇ ಮಣ್ಣಿಗೆ ಮರಳಿ ತಂದುಬಿಟ್ಟು, ಅವರ ರಕ್ತ, ಥೈರಾಯ್ಡ್ ಪರೀಕ್ಷಿಸುತ್ತಾ ಹೋದರು. 1985ರಲ್ಲಿ ಜನರೇ ಬೇಸತ್ತು ಗ್ರೀನ್‌ಪೀಸ್ ಹಡಗಿನಲ್ಲಿ ದ್ವೀಪ ಬಿಟ್ಟರು. ಅವರನ್ನು ಬೇಕೆಂದೇ ಪ್ರಯೋಗಕ್ಕೆ ಬಿಟ್ಟರೇ ಅನ್ನುವ ಪ್ರಶ್ನೆಯನ್ನು ಡೆನಿಸ್ ಒರೂರ್ಕ್ ತನ್ನ ಸಾಕ್ಷ್ಯಚಿತ್ರ ‘ಹಾಫ್ ಲೈಫ್’ನಲ್ಲಿ ಎತ್ತುತ್ತಾನೆ. ಅಮೆರಿಕ ಅದನ್ನು ಒಪ್ಪಿಲ್ಲ. ನೋಡಿದವರು ತೀರ್ಮಾನಿಸಲಿ.

ಅದೇ ಬೂದಿ ‘ಲಕ್ಕಿ ಡ್ರ್ಯಾಗನ್ 5’ ಎಂಬ ಜಪಾನಿ ಮೀನುಗಾರಿಕೆ ದೋಣಿಯ 23 ಜನರ ಮೇಲೂ ಬಿತ್ತು. ರೇಡಿಯೊ ನೋಡಿಕೊಳ್ಳುತ್ತಿದ್ದ ಕುಬೊಯಾಮಾ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರಿನಲ್ಲಿ ‘ಗೊಜಿರಾ’ ತೆರೆಗೆ ಬಂತು. ನಾವು ಗಾಡ್ಜಿಲ್ಲಾ ಅಂತ ಮಕ್ಕಳ ಟೀಶರ್ಟಿನ ಮೇಲೆ ನೋಡುವ ಅದೇ ಪ್ರಾಣಿ. ನಿರ್ದೇಶಕ ಇಶಿರೊ ಹೊಂಡಾ ಚಿತ್ರ ಶುರು ಮಾಡುವುದೇ ಸಮುದ್ರದ ಮೇಲೆ ಒಂದು ಬೆಳಕು ಹೊಳೆದು ದೋಣಿ ಹೊತ್ತಿ ಉರಿಯುವುದರಿಂದ. ಆ ದಿನದ ಜಪಾನಿ ಪ್ರೇಕ್ಷಕನಿಗೆ ಅದು ಯಾವ ದೋಣಿ ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. 1956ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ಆ ಚಿತ್ರವನ್ನು ಕತ್ತರಿಸಿ, ನಡುವೆ ಒಬ್ಬ ಅಮೆರಿಕನ್ ಪತ್ರಕರ್ತನನ್ನು ತುರುಕಿ, ಹೈಡ್ರೋಜನ್ ಬಾಂಬಿನ ಮಾತುಗಳನ್ನು ತೆಳ್ಳಗೆ ಮಾಡಿದರು. ಜಗತ್ತಿನ ಬಹುಪಾಲು ಜನ ನೋಡಿದ್ದು ಆ ತೆಳು ಚಿತ್ರ. ಹೊಂಡಾನ ಮೂಲ ಚಿತ್ರ ಈಗ ಸಿಗುತ್ತದೆ, ತೋರಿಸಿ.

ಜಪಾನಿನ ನಿರ್ದೇಶಕ ಕುರೊಸಾವಾ ಅಂದರೆ ನಮ್ಮ ಸೊಸೈಟಿಗಳು ಕೈಮುಗಿಯುತ್ತವೆ. ‘ರಶೋಮಾನ್’, ‘ಸೆವೆನ್ ಸಮುರಾಯ್’ ಎಷ್ಟು ಸಲ ಹಾಕಿದ್ದೀರಿ! 1955ರ ‘ಐ ಲಿವ್ ಇನ್ ಫಿಯರ್’ ಕೂಡ ಅವರದ್ದೇ. ಟೋಕಿಯೊದಲ್ಲಿ ಎರಕದ ಕಾರ್ಖಾನೆ ಇಟ್ಟುಕೊಂಡ ಮುದುಕನೊಬ್ಬ ಹೈಡ್ರೋಜನ್ ಬಾಂಬಿಗೆ ಹೆದರಿ ಇಡೀ ಸಂಸಾರ ಕಟ್ಟಿಕೊಂಡು ಬ್ರೆಜಿಲ್‌ಗೆ ಹೋಗಲು ಹಟ ಹಿಡಿಯುತ್ತಾನೆ. ಮಕ್ಕಳು ಅವನಿಗೆ ತಲೆ ಸರಿಯಿಲ್ಲ ಅಂತ ಕೋರ್ಟಿಗೆ ಹೋಗುತ್ತಾರೆ. ಮೂವತ್ತೈದರ ನಟ ಮಿಫುನೆ ಆ ಮುದುಕನ ಪಾತ್ರದಲ್ಲಿ. ಹುಚ್ಚ ಯಾರು, ಹೆದರಿದವನೋ ಹೆದರದೆ ಊಟ ಮಾಡಿ ಮಲಗುವ ನಾವೋ ಅಂತ ಕೇಳಿಕೊಳ್ಳದೆ ಆ ಚಿತ್ರದಿಂದ ಎದ್ದು ಬರಲಾಗುವುದಿಲ್ಲ.

ಹಾಲಿವುಡ್ಡಿಗೂ ಬೂದಿ ತಾಗಿತು ಅನ್ನುವ ಮಾತಿದೆ. ಜಾನ್ ವೇಯ್ನ್ ಚಂಗೀಸ್ ಖಾನನಾಗಿ ನಟಿಸಿದ ‘ದಿ ಕಾಂಕರರ್’ ಅನ್ನು 1954ರಲ್ಲಿ ಯೂಟಾದ ಸೇಂಟ್ ಜಾರ್ಜ್ ಹತ್ತಿರ ಚಿತ್ರೀಕರಿಸಿದರು. ಹಿಂದಿನ ವರ್ಷವಷ್ಟೇ ನೆವಾಡಾದ ಬಾಂಬುಗಳ ಧೂಳು ಅಲ್ಲಿ ಇಳಿದಿತ್ತು. ಸಾಲದ್ದಕ್ಕೆ ಸ್ಟುಡಿಯೊ ದೃಶ್ಯಗಳಿಗೆ ಹೊಂದಲಿ ಅಂತ ಅಲ್ಲಿನ ಮಣ್ಣನ್ನೇ ಹಾಲಿವುಡ್ಡಿಗೆ ಸಾಗಿಸಿದರು. ವೇಯ್ನ್, ಸೂಸನ್ ಹೇವರ್ಡ್, ನಿರ್ದೇಶಕ ಡಿಕ್ ಪವೆಲ್ ಮೂವರೂ ಕ್ಯಾನ್ಸರಿನಿಂದ ಸತ್ತರು. ವೇಯ್ನ್ ವಿಪರೀತ ಸಿಗರೇಟು ಸೇದುತ್ತಿದ್ದ. ಆದ್ದರಿಂದ ಬಾಂಬೇ ಕಾರಣ ಅಂತ ಬೆರಳು ತೋರಿಸಲಾಗದು. ನನ್ನ ಗಮನ ಬೇರೆ ಕಡೆ. ನಟರು ಕೆಲವು ವಾರ ಇದ್ದು ಹೋದ ಆ ಊರಿನಲ್ಲಿ ಜನ ವರ್ಷಗಟ್ಟಲೆ ಇದ್ದರು, ಇವತ್ತಿಗೂ ಪತ್ರಿಕೆಗಳು ಬರೆಯುವುದು ನಟರ ಬಗ್ಗೆ.

ಸೋವಿಯತ್ ಕಡೆಯದ್ದನ್ನು ಬಿಟ್ಟರೆ ಪಕ್ಷಪಾತವಾದೀತು. ಕಝಾಕ್‌ಸ್ತಾನದ ಸೆಮಿಪಲಾಟಿನ್‌ಸ್ಕ್‌ನಲ್ಲಿ 40 ವರ್ಷಗಳಲ್ಲಿ 456 ಪರೀಕ್ಷೆ ನಡೆದವು. 1991ರ ಆಗಸ್ಟ್ 29ರಂದು ಆ ಮೈದಾನವನ್ನು ಮುಚ್ಚಿದರು. ‘ದಿ ಗಿಫ್ಟ್ ಟು ಸ್ಟಾಲಿನ್’ ಎಂಬ 2008ರ ಕಝಾಕ್ ಚಿತ್ರದಲ್ಲಿ ಗಡೀಪಾರಾಗಿ ಬಂದ ಒಬ್ಬ ಹುಡುಗನನ್ನು ಹಳ್ಳಿಯ ಮುದುಕ ಸಾಕುತ್ತಾನೆ. ಆ ಉಡುಗೊರೆ ಯಾವುದು ಅಂತ ಗೊತ್ತಾಗುವುದು ಕೊನೆಯಲ್ಲಿ. ಹೇಳಿ ಕೆಡಿಸುವುದಿಲ್ಲ.

ಈಗ ನಮ್ಮ ಮನೆಯ ಮಾತು. ಬ್ರಾವೊ ಸಿಡಿದ ತಿಂಗಳೊಪ್ಪತ್ತಿನಲ್ಲಿ, 1954ರ ಏಪ್ರಿಲ್ 2ರಂದು, ಇಂಥ ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸಿ ಅಂತ ಲೋಕಸಭೆಯಲ್ಲಿ ಕೇಳಿದ್ದು ನೆಹರೂ. ಇಪ್ಪತ್ತು ವರ್ಷಕ್ಕೆ, 1974ರ ಮೇ 18ರಂದು, ಪೋಖ್ರಾನ್‌ನಲ್ಲಿ ನಾವೇ ಸಿಡಿಸಿದೆವು. ಅದರ ಮುಂಚೂಣಿಯಲ್ಲಿದ್ದ ರಾಜಾ ರಾಮಣ್ಣ ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರು, ಪಿಯಾನೊ ನುಡಿಸುತ್ತಿದ್ದವರು, ರಾಗಗಳ ರಚನೆಯ ಬಗ್ಗೆ ಪುಸ್ತಕ ಬರೆದವರು. ಅವರ ಹೆಸರು ಹೇಳಿ ನಾನೂ ತರಗತಿಯಲ್ಲಿ ಎದೆಯುಬ್ಬಿಸಿದ್ದೇನೆ, ಈಗಲೂ ಆ ಹೆಮ್ಮೆ ಹೋಗಿಲ್ಲ. ಒಬ್ಬ ವಿಜ್ಞಾನಿಯ ಬಗ್ಗೆ ಹೆಮ್ಮೆ ಪಡುವುದಕ್ಕೂ, ಅವನ ಪ್ರಯೋಗದ ಪಕ್ಕದಲ್ಲಿ ಬದುಕಿದವರ ಮಾತು ಕೇಳುವುದಕ್ಕೂ ಜಗಳ ಯಾಕಿರಬೇಕು?

ಖೇತೋಲಾಯಿ ಜೈಸಲ್ಮೇರ್ ಜಿಲ್ಲೆಯ ಹಳ್ಳಿ, ಪರೀಕ್ಷೆ ನಡೆದ ಜಾಗಕ್ಕೆ ತೀರಾ ಹತ್ತಿರ. ಹೆಚ್ಚಿನವರು ಬಿಷ್ಣೋಯಿಗಳು, ಮರ ಕಡಿಯದ, ಜಿಂಕೆ ಕೊಲ್ಲದ ಜನ. 1998ರಲ್ಲಿ ಸೇನೆಯವರು ಬಂದು ಮನೆಯಿಂದ ಹೊರಗೆ ಬನ್ನಿ ಅಂದರು, ಮಧ್ಯಾಹ್ನ ನೆಲ ನಡುಗಿತು, ಗೋಡೆಗಳೂ ನೀರಿನ ತೊಟ್ಟಿಗಳೂ ಬಿರುಕುಬಿಟ್ಟವು. ಊರಿನಲ್ಲಿ ಕ್ಯಾನ್ಸರ್ ಹೆಚ್ಚಾಗಿದೆ, ದನಗಳು ಊನ ಕರು ಹಾಕುತ್ತಿವೆ ಅಂತ ಅವರು ಹೋದ ಪತ್ರಕರ್ತರಿಗೆಲ್ಲ ಹೇಳುತ್ತಾ ಬಂದಿದ್ದಾರೆ. ವಿಕಿರಣ ಹೊರಬಂದಿಲ್ಲ ಅನ್ನುವುದು ಸರ್ಕಾರದ ಮಾತು. ನೆಲದೊಳಗಿನ ಸ್ಫೋಟ ಬಯಲಿನ ಸ್ಫೋಟದಂತಲ್ಲ, ವಿಷವೆಲ್ಲ ಒಳಗೇ ಕರಗಿದ ಕಲ್ಲಿನಲ್ಲಿ ಉಳಿಯುವ ಸಾಧ್ಯತೆ ಹೆಚ್ಚು, ಇದನ್ನು ಭೌತಶಾಸ್ತ್ರದ ಮೇಷ್ಟ್ರಾಗಿ ನಾನು ಒಪ್ಪುತ್ತೇನೆ. ಆದ್ದರಿಂದ ಹಳ್ಳಿಯವರು ಹೇಳುವುದೇ ಸತ್ಯ ಅಂತ ನಾನು ತೀರ್ಪು ಕೊಡುವುದಿಲ್ಲ. ಆದರೆ ಅವರ ಮಾತನ್ನು ಅಳೆದು ನೋಡುವ ಮೊದಲು ಕೇಳಬೇಕಷ್ಟೆ? ನಮ್ಮ ಸಿನಿಮಾ ಪರೀಕ್ಷೆ ಯಶಸ್ವಿಯಾದಲ್ಲಿಗೆ ಮುಗಿದುಹೋಗುತ್ತದೆ. ಅವರ ಕಥೆ ಶುರುವಾಗುವುದೇ ಅಲ್ಲಿಂದ.

ಕೇಳಿದವರು ಇಲ್ಲವೆಂದಲ್ಲ. ಆನಂದ್ ಪಟವರ್ಧನ್ 2002ರಲ್ಲಿ ಅಣುಪರೀಕ್ಷೆಗಳ ಬಗ್ಗೆ ‘ಜಂಗ್ ಔರ್ ಅಮನ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಸೆನ್ಸಾರ್ ಮಂಡಳಿ 21 ಕಡೆ ಕತ್ತರಿ ಹಾಕಿ ಅಂತು. ಅವರು ನ್ಯಾಯಾಲಯಕ್ಕೆ ಹೋದರು, 2003ರಲ್ಲಿ ಬಾಂಬೆ ಹೈಕೋರ್ಟ್ ಒಂದು ಕತ್ತರಿಯೂ ಬೇಡ ಅಂತ ಬಿಟ್ಟಿತು. ಅದಕ್ಕೂ ಮೊದಲು, 1999ರಲ್ಲಿ, ಶ್ರೀಪ್ರಕಾಶ್ ‘ಬುದ್ಧ ವೀಪ್ಸ್ ಇನ್ ಜಾದೂಗೋಡಾ’ ಮಾಡಿದ್ದರು, ಜಾರ್ಖಂಡ್‌ನ ಯುರೇನಿಯಂ ಗಣಿಯ ತ್ಯಾಜ್ಯದ ಪಕ್ಕದಲ್ಲಿ ಬದುಕುವ ಆದಿವಾಸಿಗಳ ಬಗ್ಗೆ. ಯಾದಗಿರಿಯ ಗೋಗಿಯಲ್ಲಿ ಯುರೇನಿಯಂ ಸಿಕ್ಕಿರುವುದರಿಂದ ಆ ಚಿತ್ರ ನಮಗೆ ದೂರದ್ದೂ ಅಲ್ಲ. ಹೈಕೋರ್ಟೇ ಬಿಟ್ಟ ಚಿತ್ರವನ್ನು ತೋರಿಸಲು ‘ಸುಮ್ಮನೆ ಯಾಕೆ ತಲೆನೋವು’ ಅಂತ ಹಿಂಜರಿಯುವ ಸೊಸೈಟಿಯ ಗೆಳೆಯರನ್ನು ನಾನು ಬಲ್ಲೆ. ಅವರ ಕಷ್ಟವೂ ಗೊತ್ತು. ಸಭಾಂಗಣ ಕೊಡುವವರು ಮುನಿಸಿಕೊಳ್ಳುತ್ತಾರೆ, ಪ್ರಿನ್ಸಿಪಾಲರು ಕರೆಸುತ್ತಾರೆ. ಹಾಗಿದ್ದರೆ ಬಿಕಿನಿಯಿಂದ ಶುರು ಮಾಡಿ. ಅಮೆರಿಕದ ತಪ್ಪು ತೋರಿಸಿದರೆ ಯಾರೂ ನಿಮ್ಮನ್ನು ದೇಶದ್ರೋಹಿ ಅನ್ನುವುದಿಲ್ಲ. ಬಿಕಿನಿ ನೋಡಿದ ಹುಡುಗರು ಖೇತೋಲಾಯಿಯ ಪ್ರಶ್ನೆಯನ್ನು ತಾವೇ ಕೇಳುತ್ತಾರೆ, ನಿರೂಪಕರು ಆಗ ಮೈಕು ಯಾರಿಗೆ ಕೊಡುತ್ತಾರೋ ನೋಡೋಣ.

ಹಾಗಾಗಿ ನನ್ನ ಕೋರಿಕೆಗಳು. ಬಾಂಬ್ ತಯಾರಿಸಿದವರ ಕಥೆಯನ್ನು ತೋರಿಸುವಾಗಲೆಲ್ಲ ಅದರ ಜೊತೆಗೆ, ಅದೇ ದಿನ ಅಥವಾ ಮರುದಿನ, ಬೂದಿ ಬಿದ್ದವರ ಒಂದು ಚಿತ್ರವನ್ನೂ ಇಡಿ. ಬೆಂಗಳೂರಿನ ಉತ್ಸವದಲ್ಲಿ ಒಂದು ಪ್ರದರ್ಶನ ಮಾಡಿ ಕೈತೊಳೆದುಕೊಂಡರೆ ಸಾಲದು. ಇಂಗ್ಲಿಷ್ ಅಡಿಬರಹ ಓದಿಕೊಂಡು ನೋಡುವವರು ಹೇಗಾದರೂ ನೋಡಿಕೊಳ್ಳುತ್ತಾರೆ. ತಿಪಟೂರಿಗೆ, ಶಹಾಪುರಕ್ಕೆ, ಕಾರವಾರಕ್ಕೆ ಕನ್ನಡ ಅಡಿಬರಹದೊಂದಿಗೆ ಹೋಗಲಿ. ಕೈಗಾದಲ್ಲಿ ವಿದ್ಯುತ್ ಸ್ಥಾವರ ಬಂದಾಗ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಚುನಾವಣೆಗೇ ನಿಂತ ಜಿಲ್ಲೆ ಕಾರವಾರದ್ದು. ಬಾಂಬಿಗೂ ವಿದ್ಯುತ್ತಿಗೂ ವ್ಯತ್ಯಾಸ ಏನು ಅಂತ ಅಲ್ಲಿಯ ಜನ ನಮಗಿಂತ ಚೆನ್ನಾಗಿ ಚರ್ಚೆ ಮಾಡುತ್ತಾರೆ. ಪ್ರದರ್ಶನದ ನಂತರ ಪ್ರಶ್ನೆಗೆ ಸಮಯ ಇಡಿ, ಪ್ರಶ್ನೆ ಬಂದಾಗ ಸಂಭ್ರಮದ ನೆಪ ಹೇಳಬೇಡಿ. ಮತ್ತು ದಯವಿಟ್ಟು, ಆ ಬೆಂಕಿಯ ಉಂಡೆಗಳ ಮೇಲೆ ಸಂಗೀತ ಹಾಕಿ ಮಕ್ಕಳಿಗೆ ತೋರಿಸುವುದನ್ನು ನಿಲ್ಲಿಸಿ.

ಇನ್ನೊಂದು ದೊಡ್ಡ ಕೋರಿಕೆ. ಸಾಕ್ಷ್ಯಚಿತ್ರ ಮಾಡುವ ಕನ್ನಡದ ಹುಡುಗ ಹುಡುಗಿಯರು ಈಗ ಬಹಳ ಜನ ಇದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಅನುದಾನ ಕೊಡುವ ಅಧಿಕಾರವಿದ್ದರೆ ಒಬ್ಬರನ್ನು ಪೋಖ್ರಾನ್ ಕಡೆಗೆ ಕಳಿಸಿ. 1974ರಲ್ಲಿ ಇಪ್ಪತ್ತರ ವಯಸ್ಸಿನವರು ಈಗ ಎಪ್ಪತ್ತು ದಾಟಿದ್ದಾರೆ. ರಾಜಾ ರಾಮಣ್ಣನವರ ಜಿಲ್ಲೆಯಿಂದ ಒಂದು ಕ್ಯಾಮೆರಾ ಹೋಗಿ ಆ ಊರಿನವರ ಎದುರು ಕೂತರೆ ಅದಕ್ಕೆ ಬೇರೆಯದೇ ಅರ್ಥ ಇರುತ್ತದೆ. ಟ್ರಿನಿಟಿಯವರ ಹಾಗೆ ಇವರೂ 80 ವರ್ಷ ಕಾಯುವುದು ಬೇಡ.

ಅಡಿಬರಹದ ಕೆಲಸಕ್ಕೆ ಜನ ಸಿಗುವುದಿಲ್ಲ ಅನ್ನಬೇಡಿ. ‘ರೇಡಿಯೊ ಬಿಕಿನಿ’ಯ ಮಾತುಗಳನ್ನು ನಾನು ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ, ನೋಡಿ ತಿದ್ದಿಕೊಡುವವರು ಬೇಕು. ಹಕ್ಕುದಾರರ ಅನುಮತಿ ಪಡೆಯುವುದು ನಿಮ್ಮಂಥ ಸಂಸ್ಥೆಗಳಿಂದ ಆಗಬೇಕಾದ ಕೆಲಸ, ಒಬ್ಬ ನಿವೃತ್ತ ಮೇಷ್ಟ್ರ ಪತ್ರಕ್ಕೆ ಅವರು ಉತ್ತರ ಕೊಡುವುದಿಲ್ಲ. ಅಣುಪರೀಕ್ಷೆಗಳ ವಿರುದ್ಧದ ಅಂತರರಾಷ್ಟ್ರೀಯ ದಿನ ಆಗಸ್ಟ್ 29, ಸೆಮಿಪಲಾಟಿನ್‌ಸ್ಕ್ ಮುಚ್ಚಿದ ದಿನವೇ. ಮೇ 11ಕ್ಕೆ ಆಗದಿದ್ದರೆ ಆ ದಿನವಾದರೂ ಇಟ್ಟುಕೊಳ್ಳಿ. ಯಾವ ಊರಾದರೂ ಸರಿ, ಪ್ರೊಜೆಕ್ಟರ್ ಮತ್ತು ಕತ್ತಲೆ ಕೋಣೆ ನಿಮ್ಮದು, ಬಸ್ ಚಾರ್ಜು ನನ್ನದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ತುಮಕೂರು